ಬಾಲ ಮುರಿದ ಒಂಬತ್ತು

ಹಸು ಗಂಜಲ ಹೊಯ್ಯುವುದನ್ನೇ ನೋಡುತ್ತ ಕೋದಂಡಪ್ಪ ಕೊಟ್ಟಿಗೆಯಲ್ಲಿ ನಿಂತಿದ್ದ. ಅದು ಬಾಲವನ್ನು ಒಂದು ಪಕ್ಕಕ್ಕೆ ಎತ್ತಿ, ಯಾರಿಗೂ ಯಾವ ಉತ್ತರವನ್ನೂ ಕೊಡಬೇಕಾಗಿಲ್ಲದ ದೊಡ್ಡ ಮನುಷ್ಯರ ಹಾಗೆ, ಸಾವಕಾಶವಾಗಿ ಹೊಯ್ಯುತ್ತಿತ್ತು. ಅವನು ಬೆಳಗಿನಿಂದ ಮೂರು ಸಲ ಚೊಂಬು ಹಿಡಿದು ಹೋಗಿದ್ದ. ಮೂರು ಸಲವೂ ಸರ್ಕಾರಿ ಆಫೀಸಿಗೆ ಹೋದವನಂತೆ ಕೆಲಸವಾಗದೆ ವಾಪಸು ಬಂದಿದ್ದ. ಹಸುವಿನ ಹಗ್ಗ ಗೋಡೆಯಲ್ಲಿ ಹೂತ ಒಂದು ಉಕ್ಕಿನ ಬಳೆಗೆ ಕಟ್ಟಿತ್ತು. ಕೈಬಳೆಗಿಂತ ಸ್ವಲ್ಪ ದೊಡ್ಡದು, ಹೆಬ್ಬೆರಳಿನಷ್ಟು ಅಗಲ. ಎರಡು ವರ್ಷದಿಂದ ದಿನಾ ನೋಡುತ್ತಿದ್ದ ಆ ಬಳೆ ಈ ಒಂದು ವಾರದಿಂದ ಅವನನ್ನೇ ನೋಡುತ್ತಿದೆ ಅನ್ನಿಸುತ್ತಿತ್ತು. ಹನ್ನೊಂದು ಗಂಟೆಗೆ ಬೆಂಗಳೂರಿನ ಕಂಪನಿಯಿಂದ ಒಬ್ಬರು ಮೇಡಂ ಅವನು ಉಕ್ಕಿನ ಬಳೆಗಳ ತಪಾಸಣೆಯ ಕೆಲಸ ಮಾಡುವ ಊರಿಗಾಂನ ಶೆಡ್ಡಿಗೆ ಬರುತ್ತಾರೆ. ಅವರು ತರುವ ಕಾಗದಕ್ಕೆ ಅವನು ರುಜು ಹಾಕಬೇಕು. ಅದರಲ್ಲಿ ಏನಿರುತ್ತದೆಂದು ಶೆಡ್ಡಿನ ಓನರು ಸೆಲ್ವರಾಜ್ ಫೋನಿನಲ್ಲಿ ಹೇಳಿಯಾಗಿತ್ತು: ನಾನು ನೋಡಿ ಪಾಸು ಮಾಡಿದ ಬಳೆ ಸರಿಯಿರಲಿಲ್ಲ, ನನ್ನ ಕಣ್ತಪ್ಪು. ಎರಡೇ ಸಾಲು. ಆ ಎರಡು ಸಾಲಿನ ಕೆಳಗೆ ರುಜು ಬಿದ್ದರೆ, ಕಡಲಾಚೆಯ ಯಾವುದೋ ಊರಿನಲ್ಲಿ ಹಿಟ್ಟಿನ ಗಿರಣಿಯ ಮುಂದೆ ಸಾಲು ನಿಂತಿದ್ದ ಮೂವತ್ತೊಂದು ಜನ ಕೋದಂಡಪ್ಪನ ಕಣ್ತಪ್ಪಿನಿಂದ ಸತ್ತಂತಾಗುತ್ತದೆ. ಬೀಳದಿದ್ದರೆ ಕಂಪನಿ ಆರ್ಡರು ನಿಲ್ಲಿಸಿ, ಶೆಡ್ಡಿನ ಹನ್ನೊಂದು ಜನಕ್ಕೆ ಬರುವ ತಿಂಗಳಿಂದ ಕೆಲಸವಿರುವುದಿಲ್ಲ.

"ಲೋ ಕೋದಂಡ, ಇವತ್ತು ಕಟ್ಟಿದ್ದೀಯಾ, ಇಲ್ಲ ಇವತ್ತೂ ಬಳೆ ಮುರೀತದಾ?" ಬೇಲಿಯಾಚೆಯಿಂದ ಪಾಪಕ್ಕನ ದನಿ ಬಂತು. ಪಕ್ಕದ ಹೊಲದವಳು, ಅರವತ್ತು ದಾಟಿದವಳು, ಎಲೆಯಡಿಕೆ ತುಂಬಿದ ಬಾಯಲ್ಲೇ ಮಾತಾಡುವವಳು.

"ಕಟ್ಟಿದ್ದೀನಿ ಅಕ್ಕ."

"ಯಾವುದಕ್ಕೂ ಒಂದು ಸಲ ನೋಡ್ಕೊ. ನಿಮ್ಮನೆ ಕಬ್ಬಿಣ ಬಲು ಮೆದು."

ಹೋದ ಸಂಕ್ರಾಂತಿಯ ಹಿಂದುಮುಂದು ಹಸು ಬಿಚ್ಚಿಕೊಂಡು ಹೋಗಿ ಪಾಪಕ್ಕನ ಅವರೆ ಹೊಲದಲ್ಲಿ ಅರ್ಧ ತಿಂದು, ಇನ್ನರ್ಧ ತುಳಿದು, ಸೊಗಡು ವಾಸನೆಯ ಬಾಯಿ ಚಪ್ಪರಿಸುತ್ತ ಮಲಗಿತ್ತು. ಕಟ್ಟೆಯ ಮೇಲೆ ನಾಲ್ಕು ಜನ ಸೇರಿ ಕೇಳಿದಾಗ ಕೋದಂಡಪ್ಪ, ಬಳೆ ಮುರೀತು, ನಾನೇನ್ ಮಾಡ್ಲಿ, ಅಂದಿದ್ದ. ಕಬ್ಬಿಣದ ಮೇಲೆ ದಂಡ ಹಾಕಕ್ಕಾಗ್ತದಾ ಅಂತ ಕಟ್ಟೆಯವರು ನಕ್ಕು ಎದ್ದುಹೋಗಿದ್ದರು. ಬಳೆಯನ್ನು ಅವನು ಒಂದು ವಾರ ಹುಲ್ಲಿನ ಮೆದೆಯ ಕೆಳಗೆ ಬಚ್ಚಿಟ್ಟು, ಆಮೇಲೆ ಹೊಸದು ತಂದೆ ಎಂದು ಅದನ್ನೇ ವಾಪಸು ಹೂತಿದ್ದ. ಆ ಸಂಜೆ ಕ್ರಿಕೆಟ್ ನೋಡುವ ಅವಸರದಲ್ಲಿ ಅವನು ಹಸುವನ್ನು ಕಟ್ಟಿಯೇ ಇರಲಿಲ್ಲ. ಆ ಮ್ಯಾಚೂ ಸೋತಿತ್ತು.

"ಹಿಟ್ಟಿಲ್ಲ. ರಾಗಿ ಚೀಲ ಗಾಡಿ ಮೇಲಿಟ್ಟಿದ್ದೀನಿ. ಓಗ್ತಾ ಮಿಲ್ಲಿಗಾಕಿ, ಬತ್ತಾ ತಗೊಂಬನ್ನಿ," ಅಂತ ಹೆಂಡತಿ ವೆಂಕಟರತ್ನಮ್ಮ ಒಳಗಿನಿಂದ ಅಂದಳು. ಆಮೇಲೆ ಬಾಗಿಲಿಗೆ ಬಂದು, ಅವನ ಮುಖ ನೋಡಿ, "ಮುಖ ತೊಳ್ಕೊಂಡೇ ಇದ್ದೀರಾ, ಇಲ್ವಾ?" ಅಂದಳು. ಅವನು ತೊಳೆದುಕೊಂಡಿದ್ದ. ಮೂವತ್ತೊಂದು ಜನರ ವಿಷಯವನ್ನು ಅವಳಿಗೆ ಹೇಳಿರಲಿಲ್ಲ. ಹೇಳಿದರೆ ಯಾವ ದಿನದ ಬಳೆ ಅದು ಎನ್ನುವುದನ್ನೂ ಹೇಳಬೇಕಾಗುತ್ತಿತ್ತು, ಆ ದಿನ ಅವಳಿಗೆ ಚೆನ್ನಾಗಿ ನೆನಪಿತ್ತು.

ಗಾಡಿ ಆಂಡರ್ಸನ್‌ಪೇಟೆ ಕಡೆಗೆ ತಿರುಗಿದಾಗ ಗಾಳಿ ಎದ್ದಿತ್ತು. ಮುಚ್ಚಿದ ಚಿನ್ನದ ಗಣಿಯ ಸೈನೈಡ್ ದಿಬ್ಬದ ಬೂದಿಬಣ್ಣದ ದೂಳು ಹಲ್ಲಿಗೆ ಸಿಕ್ಕಿತು. ಸೋಮವಾರವೂ ಹೀಗೇ ಗಾಳಿ. ಶೆಡ್ಡಿನ ಹಿಂದಿನ ಬೇವಿನ ಮರದಡಿ ಸೆಲ್ವರಾಜ್ ಕೈಯನ್ನು ಮರೆ ಮಾಡಿಕೊಂಡು ಫೋನು ತೋರಿಸಿದ್ದ. ಯಾವುದೋ ದೊಡ್ಡ ದೇಶದ ಶಾಸನಸಭೆ. ಅರ್ಧ ಕುರ್ಚಿ ಖಾಲಿ, ಮಿಕ್ಕ ಅರ್ಧದಲ್ಲಿ ಆಕಳಿಕೆ. ನರೆತ ಕೂದಲನ್ನು ಗಂಡಸರಂತೆ ಕತ್ತರಿಸಿಕೊಂಡ ಒಬ್ಬ ಹೆಂಗಸು ಎದ್ದುನಿಂತು ಮಾತಾಡುತ್ತಿದ್ದಳು. ನಮ್ಮೂರ ಕಟ್ಟೆಯ ಮೇಲೆ ಅರ್ಜಿ ಹಿಡಿದು ನಿಲ್ಲುವ ಮುದುಕಿಯರಿಗಿರುವ ಹಟ ಅವಳ ಕುತ್ತಿಗೆಯ ನರದಲ್ಲಿತ್ತು. "ಈಯಮ್ಮ ಕೇಳ್ತಾವ್ಳೆ ಅಣ್ಣ," ಸೆಲ್ವರಾಜ್ ತಮಿಳಿನ ಎಳೆತದಲ್ಲಿ ಅರ್ಥ ಹೇಳುತ್ತಿದ್ದ. "ಆ ಜನಾನ ಸಾಯ್ಸಿದ್ಕೆ ಯಾರು ಜವಾಬ್ದಾರಿ, ಒಂದು ಹೆಸರು ಏಳಿ, ಹೆಸರು ಕೇಳ್ದೆ ನಾನು ಕೂತ್ಕೊಳಲ್ಲ ಅಂತಾವ್ಳೆ. ಮಿಲ್ಟ್ರಿ ಪಟಾಲಮ್ಮಿನ ದೊಡ್ಡವ್ನು ಏನಂತಾನೆ? ನಾವು ಬಾಂಬು ಬಿಟ್ಟಿದ್ದು ಗಿರಣಿಗಲ್ಲ, ಅದರಾಚೆ ಮದ್ದುಗುಂಡಿನ ಗೋಡೌನಿತ್ತು, ಅದಕ್ಕೆ. ಬಾಂಬಿನ ಬಾಲದ ರೆಕ್ಕೆ ಹಿಡಿಯೋ ಬಳೆ ಬಿಟ್ಕೊಂಡು ದಾರಿ ತಪ್ತು ಅಂತಾನೆ." ಆಗ ಹೆಂಗಸು ಒಂದು ಫೋಟೋ ಎತ್ತಿ ಹಿಡಿದಳು. ಗಿರಣಿಯ ಮಣ್ಣಲ್ಲಿ ಸಿಕ್ಕ ಬಳೆ, ಒಂದು ಪಕ್ಕ ಬೆಂದು ನೀಲಿಯಾಗಿದೆ, ಇನ್ನೊಂದು ಪಕ್ಕ ಒಂದು ಸುತ್ತು, ಸುತ್ತಿನೊಳಗೆ ಒಂಬತ್ತು, ಆ ಒಂಬತ್ತಿಗೆ ಬಾಲವಿಲ್ಲ.

ಪಾಸಾದ ಪ್ರತಿ ಬಳೆಯ ಮೇಲೂ ತಪಾಸಣೆ ಮಾಡಿದವನು ತನ್ನ ನಂಬರಿನ ಅಚ್ಚಿರುವ ಪಂಚನ್ನು ಇಟ್ಟು ಸುತ್ತಿಗೆಯಲ್ಲಿ ಒಂದೇಟು ಹೊಡೆಯಬೇಕು. ಕೋದಂಡಪ್ಪನ ಪಂಚು ಒಂಬತ್ತನೇ ನಂಬರಿನದು. ಆರು ವರ್ಷದ ಹಿಂದೆ ಅದು ಕಲ್ಲಿನ ಮೇಲೆ ಬಿದ್ದು ಬಾಲ ಮುರಿದಿತ್ತು; ಹೊಸದಕ್ಕೆ ಬರೆದು ಕೊಡುತ್ತೇನೆ ಎಂದು ಬರೆದಿರಲಿಲ್ಲ. ಜಗತ್ತಿನಲ್ಲಿ ಆ ಗುರುತು ಇನ್ಯಾರಿಗೂ ಇಲ್ಲ. ಅದನ್ನು ಅಷ್ಟು ದೊಡ್ಡ ಸಭೆಯಲ್ಲಿ, ಅಷ್ಟು ಒಳ್ಳೆಯ ದೀಪದ ಬೆಳಕಿನಲ್ಲಿ, ಅಷ್ಟು ಜನ ಕನ್ನಡಕ ಏರಿಸಿಕೊಂಡು ನೋಡುತ್ತಿರುವುದನ್ನು ಕಂಡಾಗ ಕೋದಂಡಪ್ಪನಿಗೆ ಮೊದಲು ಆದದ್ದು ಹೆಮ್ಮೆ. ಲೇ, ನಂದು, ಅಂತ ಬಾಯಿಗೆ ಬಂದುಬಿಟ್ಟಿತ್ತು. ಮೂವತ್ತೊಂದು ಜನ ಆಮೇಲೆ ನೆನಪಾದರು. ಎಷ್ಟು ಹೊತ್ತಿನ ಮೇಲೆ? ಎರಡು ಉಸಿರು, ಮೂರು ಉಸಿರು. ಆ ಮೂರು ಉಸಿರನ್ನು ಅವನು ವಾರದಿಂದ ನುಂಗಲಾರದೆ, ಉಗಿಯಲಾರದೆ ಇಟ್ಟುಕೊಂಡಿದ್ದ.

ಮಿಲ್ಲಿನ ಮುಂದೆ ಜಗಲಿಯ ಉದ್ದಕ್ಕೂ ಸಾಲು. ಇಲ್ಲಿ ಮನುಷ್ಯರು ಸಾಲು ನಿಲ್ಲುವುದಿಲ್ಲ, ಚೀಲಗಳು ನಿಲ್ಲುತ್ತವೆ. ಡಬ್ಬಿ, ಬಕೆಟ್ಟು, ಸಿಮೆಂಟಿನ ಚೀಲ, ಸ್ಕೂಲಿನ ಹಳೇ ಬ್ಯಾಗು. ಜನ ಎದುರುಗಡೆ ನೆರಳಿನಲ್ಲಿ ಕೂತು ಇನ್ನೊಬ್ಬರ ಸೊಸೆಯ ವಿಚಾರ ಮಾತಾಡುತ್ತಿರುತ್ತಾರೆ. ಕೋದಂಡಪ್ಪ ತನ್ನ ಚೀಲವನ್ನು ಕೊನೆಗಿಟ್ಟು, ಹೋಗಬೇಕಾದವನು ಹೋಗದೆ ನಿಂತ. ಸೆಲ್ವರಾಜನ ಫೋನಿನಲ್ಲಿ ಆ ಗಿರಣಿಯ ಫೋಟೋವೂ ಇತ್ತು. ಗೋಡೆ ಇರಲಿಲ್ಲ, ತಗಡು ಸುರುಳಿ ಸುತ್ತಿಕೊಂಡಿತ್ತು, ಆದರೆ ಒಂದು ಪಕ್ಕದಲ್ಲಿ ಐದಾರು ಚೀಲಗಳು ಮಾತ್ರ ಸಾಲು ತಪ್ಪದೆ ನಿಂತಿದ್ದವು. ಅಂದರೆ ಅಲ್ಲಿಯೂ ಚೀಲವನ್ನು ನಿಲ್ಲಿಸಿ ನೆರಳಿಗೆ ಹೋಗುವ ಪದ್ಧತಿ ಇರಬೇಕು. ನೆರಳು ಎಲ್ಲಿತ್ತೋ, ಬಾಂಬು ಅಲ್ಲಿಗೇ ಬಿದ್ದಿರಬೇಕು. "ಯಾರದಪ್ಪ ಈ ಚೀಲ, ಒಸಿ ಸರ್ಸು," ಎಂದು ಒಬ್ಬಳು ಕಾಲಲ್ಲಿ ಅವನ ರಾಗಿಯನ್ನು ಒತ್ತಿದಳು. ಅವಳ ತಲೆ, ರೆಪ್ಪೆ, ಮೂಗುಬೊಟ್ಟಿನ ಮೇಲೆಲ್ಲ ಹಿಟ್ಟು ಕೂತಿತ್ತು. ಅವನು ಅವಳನ್ನು ನೋಡುತ್ತ ಎಣಿಸತೊಡಗಿದ: ಜಗಲಿಯಲ್ಲಿ ನಾಲ್ಕು, ಎದುರಿಗೆ ಒಂಬತ್ತು, ಒಳಗೆ ಇಬ್ಬರು. ಹದಿನೈದು. ಮೂವತ್ತೊಂದಾಗಬೇಕಾದರೆ ಬಸ್ ಸ್ಟಾಪಿನವರನ್ನೂ ಸೇರಿಸಿಕೊಳ್ಳಬೇಕಿತ್ತು. "ಏನ್ ನೋಡ್ತೀಯಾ, ಎಂಗಸ್ರನ್ನ ಕಂಡಿಲ್ವಾ?" ಅಂದಳು ಅವಳು. ಎದುರಿಗಿದ್ದವರು ನಕ್ಕರು. ಅವನು ಗಾಡಿ ಒದ್ದ. ಎರಡು ಸಲ ಸ್ಟಾರ್ಟಾಗಲಿಲ್ಲ, ಅವರು ಇನ್ನೂ ನಕ್ಕರು.

ಹದಿನಾಲ್ಕನೇ ಲಾಟು. ಕಂಪನಿಯಿಂದ ಮೊದಲೇ ಬಂದಿದ್ದ ಪತ್ರದಲ್ಲಿನ ಆ ನಂಬರು ಹಿಡಿದು ರಿಜಿಸ್ಟರು ತಿರುವಿದಾಗ ಅವನ ಹೊಟ್ಟೆ ಕಟ್ಟಿಕೊಂಡದ್ದು. ಎರಡು ವರ್ಷದ ಹಿಂದಿನ ಒಂದು ಗುರುವಾರ. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಒಂದು ದಿನವಾದರೂ ಬಂಗಾರಪೇಟೆಗೆ ಕರೆದುಕೊಂಡು ಹೋಗಿ ಪಾನಿಪುರಿ ತಿನ್ನಿಸಲಿಲ್ಲ, ಬೆಂಗಳೂರಿನಿಂದ ಕಾರು ಮಾಡಿಕೊಂಡು ಬಂದು ತಿಂತಾರಂತೆ, ನಾನು ಇಲ್ಲೇ ಇದ್ದು ಅದರ ನೀರು ಬೆಳ್ಳಗಿರ್ತದೋ ಕರ್ರಗಿರ್ತದೋ ಕಾಣೆ, ಅಂತ ವೆಂಕಟರತ್ನಮ್ಮ ಹಿಂದಿನ ರಾತ್ರಿ ಅತ್ತಿದ್ದಳು. ಅವನು ಶೆಡ್ಡಿನಲ್ಲಿ ಪಂಚಿನ ದಾರವನ್ನು ಕುತ್ತಿಗೆಯಿಂದ ತೆಗೆದು ಪಕ್ಕದ ಬೆಂಚಿನ ಮುನಿಲಕ್ಷ್ಮಿಗೆ ಕೊಟ್ಟು, ನಾನ್ ಬರೋವರ್ಗೂ ಒಡೀತಿರು, ಅಂದು ಬಂದಿದ್ದ. ಶೆಡ್ಡಿನಲ್ಲಿ ಇದೊಂದು ನಡೆದುಬಂದ ರೂಢಿ. ತಪಾಸಣೆಯವನು ಬೀಡಿಗೋ ಊಟಕ್ಕೋ ಎದ್ದರೆ ಪಂಚು ಪಕ್ಕದವರ ಕುತ್ತಿಗೆಗೆ ಹೋಗುತ್ತದೆ. ಆದರೆ ಬೀಡಿಗೆ ಹತ್ತು ನಿಮಿಷ, ಬಂಗಾರಪೇಟೆಗೆ ಇಡೀ ದಿನ. ಪಾನಿ ಬೆಳ್ಳಗೆ, ನೀರಿನಂತೆಯೇ ಇತ್ತು. ಮೊದಲನೆಯದು ಬಾಯಿಗಿಟ್ಟು ವೆಂಕಟರತ್ನಮ್ಮ ಕಣ್ಣು ಮುಚ್ಚಿದ್ದಳು. ಅವಳ ಗಲ್ಲದ ಮೇಲೆ ಇಳಿದ ಒಂದು ಹನಿಯನ್ನು ಒರೆಸಬೇಕೆನ್ನಿಸಿ, ನಡುಬೀದಿಯಲ್ಲಿ ನಾಚಿಕೆಯಾಗಿ, ಅವನು ಗಾಡಿಯವನಿಗೆ ಖಾರ ಸಾಲದು ಅಂದಿದ್ದ. ಅವನ ಬಾಳಿನಲ್ಲಿ ಅಂಥ ಮಧ್ಯಾಹ್ನಗಳು ಬೆರಳೆಣಿಕೆಯವು. ಅದೇ ಹೊತ್ತಿಗೆ ಊರಿಗಾಂನಲ್ಲಿ ಬಾಲ ಮುರಿದ ಒಂಬತ್ತು ಒಂದೊಂದೇ ಬಳೆಯ ಮೇಲೆ ಕೂರುತ್ತಿತ್ತು. ಮಾರನೇ ದಿನ ಬಂದು ನೋಡದೆಯೇ ರಿಜಿಸ್ಟರಿಗೆ ರುಜು ಹಾಕಿದ್ದ.

ಶೆಡ್ಡಿನಲ್ಲಿ ಮಷೀನುಗಳನ್ನು ನಿಲ್ಲಿಸಿದ್ದರು. ಸೆಲ್ವರಾಜ್ ಬೆಳಗ್ಗೆಯೇ ಗಂಗಮ್ಮನ ಪಟಕ್ಕೆ ಊದುಕಡ್ಡಿ ಹಚ್ಚಿ, ಮೇಡಂಗೆಂದು ರಾಬರ್ಟ್‌ಸನ್‌ಪೇಟೆಯಿಂದ ಪ್ಲಾಸ್ಟಿಕ್ಕು ಇನ್ನೂ ಬಿಚ್ಚದ ಒಂದು ಕುರ್ಚಿ ತರಿಸಿದ್ದ. ಬರುವ ಮೇಡಂ ಹೆಸರು ಅರುಣಕುಮಾರಿ ಅಂದರೆ ದಪ್ಪ ಕನ್ನಡಕದ ಹಿರಿಯ ಹೆಂಗಸಿರಬಹುದು ಅಂದುಕೊಂಡಿದ್ದ ಕೋದಂಡಪ್ಪ. ಬಂದವಳು ಇಪ್ಪತ್ತೆಂಟರ ಹುಡುಗಿ, ಚೂಡಿದಾರದ ದುಪಟ್ಟಾವನ್ನು ಮಷೀನಿಗೆ ಸಿಕ್ಕದಂತೆ ಗಂಟು ಹಾಕಿಕೊಂಡಿದ್ದಳು. ಆ ಗಂಟು ನೋಡಿ ಅವನಿಗೆ ಇವಳು ಕೆಲಸ ಬಲ್ಲವಳು ಅನ್ನಿಸಿ ಇನ್ನಷ್ಟು ಭಯವಾಯಿತು.

"ಕೂತ್ಕೊಳಿ ಅಂಕಲ್. ಇದು ಬರೀ ಫಾರ್ಮಾಲಿಟಿ," ಅಂದಳು. ಕಾಗದ ಓದಿದಳು. ಸದರಿ ಲಾಟಿನ ತಪಾಸಣೆಯ ಸಂದರ್ಭದಲ್ಲಿ ಮಾನವಸಹಜ ಲೋಪ ಉಂಟಾಗಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು ಎಂದು ಈ ಮೂಲಕ ಒಪ್ಪಿಕೊಳ್ಳುತ್ತೇನೆ. ಕೋದಂಡಪ್ಪನಿಗೆ ಮಾನವಸಹಜ ಅನ್ನುವುದು ಬಹಳ ಹಿಡಿಸಿತು. ಅವನ ಬಗ್ಗೆ ಯಾರೂ ಇದುವರೆಗೆ ಅಷ್ಟು ಮರ್ಯಾದೆಯ ಮಾತು ಬರೆದಿರಲಿಲ್ಲ.

"ಮೇಡಂ, ಮೂವತ್ತೊಂದು ಜನ ಸತ್ರು ಅಂತ ಇದ್ರಲ್ಲೆಲ್ಲೈತೆ?"

"ಇಲ್ಲ ಅಂಕಲ್, ಜನರ ವಿಷಯಾನೇ ಇದರಲ್ಲಿ ಬರಲ್ಲ."

"ಮತ್ತೆ ಆ ಯಮ್ಮ ಕೇಳ್ತಿರೋದು ಅದನ್ನೇ ಅಲ್ವಾ?"

ಅರುಣಕುಮಾರಿ ಕಾಗದದ ತುದಿಯನ್ನು ನೀವಿದಳು. "ಅವರು ಅಲ್ಲಿ ಕೇಳ್ತಾರೆ. ಅಲ್ಲಿಂದ ಅವರ ಸೇನೆಗೆ ಹೋಗತ್ತೆ, ಸೇನೆಯಿಂದ ಬಾಂಬಿನ ಕಂಪನಿಗೆ, ಅವರಿಂದ ನಮಗೆ, ನಮ್ಮಿಂದ ನಿಮಗೆ."

"ನನ್ನಿಂದ?"

ಅವಳು ಶೆಡ್ಡಿನ ಸುತ್ತ ಕಣ್ಣಾಡಿಸಿದಳು. ಅವನ ಕೆಳಗೆ ಇನ್ಯಾರಿದ್ದಾರೆಂದು ಹುಡುಕುತ್ತಿದ್ದಂತಿತ್ತು. "ಪೋಟ್ಟುಡಣ್ಣ, ಹಾಕ್ಬಿಡು, ಒಂದು ರುಜು ತಾನೆ," ಎಂದ ಸೆಲ್ವರಾಜ್. "ನಿಂಗೇನೂ ಆಗಲ್ಲ, ಮೇಡಂ ಏಳವ್ರೆ. ನಿನ್ನನ್ನ ಯಾರು ಆ ದೇಶಕ್ಕೆ ಕರ್ಕೊಂಡೋಗಿ ಜೈಲಿಗಾಕ್ತಾರೆ? ನಿಂಗೆ ಪಾಸ್‌ಪೋರ್ಟಾದ್ರೂ ಐತಾ?"

ಪೆನ್ನು ಕೈಗೆ ಬಂದಿತ್ತು. ರುಜು ಹಾಕಿದರೆ ಒಂದು ರೀತಿಯಲ್ಲಿ ನ್ಯಾಯವೇ ಅಲ್ಲವಾ ಅನ್ನಿಸಿತು ಅವನಿಗೆ. ನೋಡದೆ ರುಜು ಹಾಕಿದವನಿಗೆ ನೋಡಿ ಹಾಕುವ ರುಜು. ಬಳೆ ಸರಿಯಿತ್ತು ಎಂದು ಯಾವ ಮುಖ ಹೊತ್ತು ಹೇಳಲಿ, ನಾನು ಕಂಡೆನೇ? ಸರಿಯಿರಲಿಲ್ಲ ಎಂದೂ ಹೇಳಲಾರೆ, ಅದನ್ನೂ ಕಾಣಲಿಲ್ಲ.

"ಹದಿನಾಲ್ಕನೇ ಲಾಟಾ?" ಬೆಂಚಿನ ಕಡೆಯಿಂದ ಮುನಿಲಕ್ಷ್ಮಿ ಕೇಳಿದಳು. ಮೂವತ್ತರ ಹೆಂಗಸು, ಒಂದು ಮಗುವಿನ ತಾಯಿ; ಸೊಂಟಕ್ಕೆ ಕಟ್ಟಿದ ಬಟ್ಟೆಯಲ್ಲಿ ಎಣ್ಣೆ ಕೈ ಒರೆಸಿಕೊಳ್ಳುತ್ತಿದ್ದಳು. "ಅದು ನಾನು ನೋಡಿದ್ದಲ್ವಾ?"

"ನೀ ಸುಮ್ನಿರಮ್ಮ," ಎಂದ ಸೆಲ್ವರಾಜ್.

"ಯಾಕ್ ಸುಮ್ನಿರ್ಲಿ ಸಾರ್? ಲಾಟು ಕೆಟ್ಟೋಗಿತ್ತು ಅಂತ ಬರ್ಕೊಂತಾವ್ರೆ. ಅವತ್ತು ಅಣ್ಣ ಪಂಚು ನನ್ ಕೈಗೆ ಕೊಟ್ಟು, ಅಕ್ಕಂಗೆ ಪಾನಿಪುರಿ ತಿನ್ಸಕ್ಕೆ ಬಂಗಾರಪೇಟೆಗೋಗಿದ್ರು."

ಯಾರೋ ಕಿಸಕ್ಕೆಂದರು. ಕೋದಂಡಪ್ಪ ತನ್ನ ಚಪ್ಪಲಿ ನೋಡಿಕೊಂಡ. ಒಂದರ ಮೇಲೆ ಸಗಣಿಯ ತುಣುಕು ಒಣಗಿತ್ತು. ತಲೆಯೆತ್ತಿದಾಗ ಅರುಣಕುಮಾರಿಯ ಪೆನ್ನು ಓಡತೊಡಗಿತ್ತು. ಅಧಿಕಾರವಿಲ್ಲದ ವ್ಯಕ್ತಿಯಿಂದ ಪಂಚಿನ ಬಳಕೆ. ಕಂಪನಿಗೆ ಇದಕ್ಕಿಂತ ಒಳ್ಳೆಯದು ಬೇಕಾಗಿರಲಿಲ್ಲ. ಅವನ ಕೆಳಗೆ ಇನ್ನೊಬ್ಬರು ಸಿಕ್ಕಿದ್ದರು. ಮೆಟ್ಟಿಲಿಳಿಯುತ್ತ ಬಂದ ಪ್ರಶ್ನೆ ಈಗ ಸೊಂಟದ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಿದ್ದ ಮುನಿಲಕ್ಷ್ಮಿಯ ಮುಂದೆ ಬಂದು ನಿಂತಿತ್ತು, ಅವಳಿಗಿನ್ನೂ ಗೊತ್ತಾಗಿರಲಿಲ್ಲ.

"ಎಷ್ಟು ಪೀಸ್ ಚೆಕ್ ಮಾಡಿದ್ರಿ?" ಎಂದಳು ಅರುಣಕುಮಾರಿ.

"ಎಲ್ಲಾನೂ. ಇನ್ನೂರ ನಲವತ್ತು."

"ಎಲ್ಲಾನೂ ಯಾರೂ ಮಾಡಲ್ಲ. ಹತ್ತಕ್ಕೊಂದು ಮಾಡ್ತಾರೆ."

"ಅಣ್ಣ ಅಂಗೇ ಮಾಡ್ತಾರೆ. ನನ್ ಕುತ್ಗೇಲಿದ್ದಿದ್ದು ಅಣ್ಣನ ಪಂಚು, ನಂಗೆ ಭಯ. ಒಂದೊಂದೂ ಎರಡೆರಡು ಸಲ ಗೇಜಿಗಾಕ್ದೆ. ಮೂರು ಬಿಸಾಕ್ದೆ. ಒಂದು ನೀವೇ ತಗೊಂಡೋದ್ರಲ್ಲ ಅಣ್ಣ, ಹಸು ಕಟ್ಟಕ್ಕೆ."

ಕೊಟ್ಟಿಗೆಯ ಗೋಡೆ ಅವನ ಕಣ್ಣಿಗೆ ಬಂತು. ಕೂದಲೆಳೆಯಷ್ಟು ದೊಡ್ಡದಾಯಿತು ಎಂದು ಇವಳು ಬಿಸಾಕಿದ ಬಳೆ. ಅದಕ್ಕೆ ಕಟ್ಟಿದ ಹಸು ನೊಣ ಕಚ್ಚಿದರೆ ಇಡೀ ಗೋಡೆಯನ್ನೇ ಎಳೆಯುತ್ತದೆ. ಎರಡು ವರ್ಷದಲ್ಲಿ ಬಳೆ ಒಂದಿಷ್ಟೂ ಸೊಟ್ಟಗಾಗಿರಲಿಲ್ಲ. ಬಿಸಾಕಿದ್ದೇ ಹಾಗಿದ್ದರೆ ಪಾಸಾದದ್ದು? ಅವನು ಎದ್ದ. ಗಂಗಮ್ಮನ ಪಟದ ಕೆಳಗೆ ಸ್ಟೂಲು ಹಾಕಿಕೊಂಡು ಹತ್ತಿದ.

ಪ್ರತಿ ಲಾಟಿನ ಮೊದಲನೇ ಬಳೆ ಗಂಗಮ್ಮನದು. ಸೆಲ್ವರಾಜನ ತಾಯಿಯ ಕಾಲದಿಂದ ಹಾಗೆ. ಅರಿಸಿನ ಕುಂಕುಮ ಹಚ್ಚಿ, ಪಟಕ್ಕೆ ಹಾಕಿದ ತಂತಿಗೆ ಪೋಣಿಸುತ್ತಾರೆ. ಲೆಕ್ಕಕ್ಕೆ ಕಡಿಮೆ ಬೀಳದಿರಲೆಂದು ಒಂದನ್ನು ಹೆಚ್ಚಿಗೆ ಮಾಡುತ್ತಾರೆ. ಈಗ ಅಮ್ಮನ ಕೊರಳಲ್ಲಿ ಇಪ್ಪತ್ತೆರಡು ಬಳೆಗಳ ಉಕ್ಕಿನ ಹಾರವಿತ್ತು. ಈ ಬಳೆ ಬೋರ್‌ವೆಲ್ ಪಂಪಿನದು ಎಂದು ಶೆಡ್ಡಿನಲ್ಲಿ ಹೇಳಿಕೊಳ್ಳುತ್ತಿದ್ದರು, ಗಂಗಮ್ಮನಿಗೂ ಹಾಗೇ ಹೇಳಿದ್ದರು. ಪಂಪಿನ ಬಳೆಯನ್ನು ಒಂದೊಂದಾಗಿ ಎಣ್ಣೆ ಕಾಗದದಲ್ಲಿ ಸುತ್ತಿ, ಮಗುವನ್ನು ಮಲಗಿಸಿದಂತೆ ಪೆಟ್ಟಿಗೆಯಲ್ಲಿ ಮಲಗಿಸಿ ಕಳಿಸುವುದುಂಟೆ ಎಂದು ಕೋದಂಡಪ್ಪನಿಗೆ ಅನ್ನಿಸದೆ ಇರಲಿಲ್ಲ. ಕೇಳಿರಲಿಲ್ಲ. ಕೇಳಿದರೆ ಯಾರಾದರೂ ಹೇಳಿಬಿಟ್ಟರೆ?

"ಅಣ್ಣಾ, ಅಮ್ಮನ ಹಾರಕ್ಕೆ ಕೈ ಹಾಕ್ಬೇಡ," ಎಂದ ಸೆಲ್ವರಾಜ್, ನಿಜವಾಗಿಯೂ ಹೆದರಿ.

"ಅಮ್ಮಂದೂ ಒಂದು ಸಾಕ್ಷಿ ಇರ್ಲಿ ಬಿಡಪ್ಪ."

ಒಳಗೆ ಹದಿನಾಲ್ಕು ಎಂದು ಕೊರೆದಿದ್ದ ಬಳೆಯನ್ನು ಬಿಚ್ಚಿ ತಂದ. ಕುಂಕುಮ ಎಣ್ಣೆಗೆ ಅಂಟಿ ಗಟ್ಟಿಯಾಗಿತ್ತು. ಅರುಣಕುಮಾರಿಯೇ ದುಪಟ್ಟಾದ ಗಂಟು ಬಿಚ್ಚಿ, ತುದಿಯಿಂದ ಒರೆಸಿದಳು. ಗೇಜು ಅವಳ ಕೈಯಲ್ಲಿತ್ತು. ಅದರ ಒಂದು ತುದಿ ಬಳೆಯೊಳಗೆ ಹೋಗಬೇಕು, ಇನ್ನೊಂದು ತುದಿ ಹೋಗಬಾರದು. ಅಷ್ಟೇ ಅದರ ಧರ್ಮ. ಒಂದು ತುದಿ ಉಸಿರೆಳೆದುಕೊಂಡಂಥ ಸದ್ದು ಮಾಡಿ ಒಳಗಿಳಿಯಿತು. ಇನ್ನೊಂದು ತುದಿ ಬಾಯಲ್ಲೇ ನಿಂತಿತು. "ಚೆನ್ನಾಗಿದೆ," ಅಂದುಬಿಟ್ಟಳು ಅವಳು, ಎಂಜಿನಿಯರ ದನಿಯಲ್ಲಿ. ಮುನಿಲಕ್ಷ್ಮಿಯ ಮುಖ ಬೆಳಗಿತು. ಆಮೇಲೆ ಅರುಣಕುಮಾರಿ ಬಳೆಯನ್ನು ಮೇಜಿನ ಮೇಲಿಟ್ಟು, ದನಿ ತಗ್ಗಿಸಿ, "ಒಂದು ಪೀಸಿಂದ ಏನೂ ಪ್ರೂವ್ ಆಗಲ್ಲ ಅಂಕಲ್. ಮತ್ತೆ ನೀವು ಇದು ಸರಿ ಇತ್ತು ಅಂತ ಬರೆದರೆ ಅದರರ್ಥ ಏನಾಗತ್ತೆ ಗೊತ್ತಾ?" ಅಂದಳು.

"ದಾರಿ ತಪ್ಪಲಿಲ್ಲ ಅಂತ."

"ಹೂಂ."

"ಏಳಿದ್ ಕಡೆಗೇ ಓಯ್ತು ಅಂತ."

ಅವಳು ಗೇಜನ್ನು ಅದರ ಡಬ್ಬಿಯಲ್ಲಿಟ್ಟು ಮುಚ್ಚಿದಳು. ಹೊರಗೆ ಒಂದು ಆಟೋ ಹಾರನ್ ಬಾರಿಸಿಕೊಂಡು ಹೋಯಿತು. ಕೆಟ್ಟ ಬಳೆ ಎಷ್ಟು ಒಳ್ಳೆಯದು ಅನ್ನಿಸಿತು ಕೋದಂಡಪ್ಪನಿಗೆ. ಕೆಟ್ಟ ಬಳೆಯಿದ್ದಿದ್ದರೆ ಎಲ್ಲರೂ ಒಳ್ಳೆಯವರಾಗಿ ಉಳಿಯುತ್ತಿದ್ದರು. ಬಿಟ್ಟವನು, ಬಿಡು ಅಂದವನು, ಕಳಿಸಿದವನು, ಕೊನೆಗೆ ತಾನೂ, ಮಾನವಸಹಜವಾಗಿ. ಈ ಮುನಿಲಕ್ಷ್ಮಿ ಒಬ್ಬಳು ಇನ್ನೂರ ನಲವತ್ತನ್ನೂ ಎರಡೆರಡು ಸಲ ನೋಡಿ ಎಲ್ಲರ ಮಾನ ತೆಗೆದಿದ್ದಳು.

ಕಾಗದವನ್ನು ಬೋರಲು ಹಾಕಿ ಅದರ ಬೆನ್ನಿಗೆ ಬರೆದ. ದನದ ಡಾಕ್ಟರಿಗೆ ಅರ್ಜಿ ಬರೆಯುವ ಅಕ್ಷರ, ನಿಧಾನ. 'ಹದಿನಾಲ್ಕನೇ ಲಾಟನ್ನು ನಾನು ನೋಡಲಿಲ್ಲ. ಅವತ್ತು ಬಂಗಾರಪೇಟೆಯಲ್ಲಿ ಹೆಂಡತಿಯ ಜೊತೆ ಪಾನಿಪುರಿ ತಿನ್ನುತ್ತಿದ್ದೆ. ಪಂಚು ಕೊಟ್ಟು ಹೋದದ್ದು, ನೋಡದೆ ರುಜು ಹಾಕಿದ್ದು ನನ್ನ ತಪ್ಪು, ಅದಕ್ಕೆ ಬರುವುದನ್ನು ನನಗೆ ಕೊಡಿ. ಇದು ಪಂಪಿನದಲ್ಲ ಅಂತ ಅನುಮಾನವಿತ್ತು, ಕೇಳಲಿಲ್ಲ, ಅದೂ ನನ್ನ ತಪ್ಪು. ಬಳೆಗಳನ್ನು ಮುನಿಲಕ್ಷ್ಮಿ ಒಂದೊಂದಾಗಿ ನೋಡಿದ್ದಾಳೆ. ಬಳೆಯಲ್ಲಿ ತಪ್ಪಿಲ್ಲ. ಮಿಕ್ಕಿದ್ದನ್ನು ಬಿಟ್ಟವರನ್ನು ಕೇಳಿ.' ರುಜು ಹಾಕಿ, ಸಾಲದೆನ್ನಿಸಿ, ಕುತ್ತಿಗೆಯ ಪಂಚು ತೆಗೆದು ಕಾಗದದ ಮೇಲಿಟ್ಟು ಸುತ್ತಿಗೆಯಲ್ಲಿ ಒಂದೇಟು ಹೊಡೆದ. ಕಾಗದ ತೂತಾಗಿ ಒಂಬತ್ತು ಸೆಲ್ವರಾಜನ ಮೇಜಿನ ಸನ್‌ಮೈಕದಲ್ಲಿ ಕೂತಿತು.

"ಅಯ್ಯೋ, ಟೇಬಲ್ಲು," ಎಂದ ಸೆಲ್ವರಾಜ್. ಅವನು ಅತ್ತದ್ದು ಆರ್ಡರಿಗೋ ಮೇಜಿಗೋ ತಿಳಿಯಲಿಲ್ಲ. ಆಮೇಲೆ ಕೈ ಚಾಚಿ, ಮುಖ ತಿರುಗಿಸಿಕೊಂಡು, "ಪಂಚು ಕೊಟ್ಟೋಗಣ್ಣ. ನಾಳೆಯಿಂದ ಬರ್ಬೇಡ, ನಾನೇ ಫೋನ್ ಮಾಡ್ತೀನಿ," ಅಂದ. ದಾರ ಕುತ್ತಿಗೆಯಿಂದ ಇಳಿದ ಜಾಗದಲ್ಲಿ ಗಾಳಿ ತಣ್ಣಗೆ ತಾಕಿತು.

ಅರುಣಕುಮಾರಿ ತೂತಿನ ಕಾಗದವನ್ನು ಬೆಳ್ಳನೆ ಬೆಳಕಿಗೆ ಹಿಡಿದು ಫೋಟೋ ತೆಗೆದುಕೊಂಡಳು. "ಇದನ್ನ ಇಂಗ್ಲಿಷಿಗೆ ಮಾಡಿ ಕಳಿಸ್ತೀನಿ. ಮೇಲಿನವರು ಮುಂದಕ್ಕೆ ಕಳಿಸ್ತಾರೋ ಇಲ್ವೋ ಗೊತ್ತಿಲ್ಲ. ಅಂಕಲ್, ಆ ಪಾನಿಪುರಿ ಬಿಟ್ಟುಬಿಡಲಾ?"

"ಬೇಡ ಮೇಡಂ. ಅದ್ರಲ್ಲಿ ನಾನು ಕಣ್ಣಾರೆ ಕಂಡಿದ್ದು ಅದೊಂದೇ."

ಬಾಗಿಲ ಹತ್ತಿರ ಮುನಿಲಕ್ಷ್ಮಿ ಹಿಂದೆ ಬಂದಳು. "ನಾನೇನಾದ್ರೂ ತಪ್ಪಂದ್ನಾ ಅಣ್ಣ?" ಅಂದಳು. ಇಲ್ಲವೆಂದು ತಲೆಯಾಡಿಸಿದ. "ಎಲ್ಲಾ ಸರಿಯಾಗೇ ಇತ್ತಲ್ಲ?" ಅಂದಳು. ಸರಿಯಾಗಿದ್ದುದರ ಅರ್ಥ ಅವಳಿಗೆ ಈಗ ತಟ್ಟುತ್ತಿತ್ತು. ಕೈ ಒರೆಸುವುದನ್ನು ನಿಲ್ಲಿಸಿ ತನ್ನ ಬೆರಳುಗಳನ್ನು ನೋಡಿಕೊಳ್ಳುತ್ತಿದ್ದಳು. ಅವನು, ಮಿಲ್ಲು ಮುಚ್ತಾರೆ, ಅಂದು ಗಾಡಿ ಹತ್ತಿದ.

ರಾಗಿ ಹಿಟ್ಟಾಗಿ, ಚೀಲ ಜಗಲಿಯ ತುದಿಯಲ್ಲಿ ಒಂಟಿಯಾಗಿ ನಿಂತಿತ್ತು. ಎತ್ತಿಕೊಂಡಾಗ ಎದೆಗೆ ಬಿಸಿಯಾಗಿ, ಜೀವವಿದ್ದಂತೆ ತಾಕಿತು. ಊರು ಮುಟ್ಟುವ ಹೊತ್ತಿಗೆ ಹೊಟ್ಟೆ ಸಡಿಲವಾಗಿರುವುದು ತಿಳಿದು, ದಾರಿಯ ತಂಗಡಿ ಗಿಡಗಳ ಮರೆಯಲ್ಲಿ ಗಾಡಿ ನಿಲ್ಲಿಸಬೇಕಾಯಿತು. ಲೋಕದ ನ್ಯಾಯ ಎಲ್ಲಿಗೆ ಮುಟ್ಟಿತೋ, ಅವನಿಗಂತೂ ಅಷ್ಟು ದಕ್ಕಿತು.

ಪಾಪಕ್ಕ ಹೊಲದ ಬದುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದಳು. ಅವನು ಚೀಲವನ್ನು ಹೆಗಲಿಂದ ಇಳಿಸದೆಯೇ ಬೇಲಿಯ ಹತ್ತಿರ ನಿಂತ.

"ಬಳೆ ಮುರೀಲಿಲ್ಲ ಅಕ್ಕ. ಅವತ್ತು ನಾನು ಹಸು ಕಟ್ಟಿರಲಿಲ್ಲ."

ಪಾಪಕ್ಕ ಕುಡುಗೋಲು ನಿಲ್ಲಿಸಲಿಲ್ಲ. "ಅದೇನ್ ಹೊಸ ವಿಚಾರ್ವಾ? ನಿನ್ ಹಸು ಹಗ್ಗದ್ ಸಮೇತ ಬಂದಿತ್ತು ಕಣ್ಲಾ. ಬಳೆ ಮುರಿದಿದ್ರೆ ಹಗ್ಗದ ತುದೀಲಿ ಗಂಟಿರ್ಬೇಕಿತ್ತು. ಗಂಟೇ ಇರಲಿಲ್ಲ."

"ಗೊತ್ತಿದ್ದೂ ಕಟ್ಟೆ ಮೇಲೆ ಯಾಕೆ ಬಾಯಿ ಬಿಡ್ಲಿಲ್ಲ?"

ಈಗ ಅವಳು ನೆಟ್ಟಗಾದಳು. ಎಲೆಯಡಿಕೆಯನ್ನು ಪಕ್ಕಕ್ಕೆ ಉಗಿದು, ಬಾಯಿ ಒರೆಸಿಕೊಂಡು, ಅವನ ತಲೆಯ ಮೇಲೆ ಕೂತಿದ್ದ ಹಿಟ್ಟನ್ನು ನೋಡಿದಳು.

"ನಿನ್ನ ಕೇಳಿದ್ರು. ನಿನ್ನ ಬಳೆ ಕೇಳಿದ್ರು. ನನ್ನ ಯಾರ್ಲಾ ಕೇಳಿದ್ರು?"

ಕೋದಂಡಪ್ಪ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿದ. ಆ ಸಭೆಯಲ್ಲಿ ನರೆತ ಕೂದಲಿನ ಹೆಂಗಸು ಇನ್ನೂ ಕೂತಿರಲಾರಳು. ಅವಳು ಯಾರು ಯಾರನ್ನೋ ಕೇಳುತ್ತಿದ್ದಾಳೆ, ಕೇಳಲಿ. ಆ ಗಿರಣಿಯ ಮುಂದೆ ಚೀಲ ನಿಲ್ಲಿಸಿ ನೆರಳಿಗೆ ಹೋದವರಲ್ಲಿ ಉಳಿದವರು ಯಾರಾದರೂ ಇದ್ದರೆ, ಅವರ ಹತ್ತಿರ ಹೋಗಿ ಯಾರಾದರೂ ಕೇಳಿದರೋ ಇಲ್ಲವೋ.

"ಹಿಟ್ಟು ಆರೋಗ್ತದೆ, ಓಗಿ ಇಟ್ಬಾ," ಎಂದಳು ಪಾಪಕ್ಕ. "ಬರೋವಾಗ ಆರೆ ತಗೊಂಬಾ. ಅಲ್ಲಿಂದ ಇಲ್ಲೀಗಂಟ ನಿನ್ ಹಸು ಬೇಲಿ ತುಳಿದಾಕೈತೆ. ನೀನೇ ಕಟ್ಟು. ನಾನ್ ಕೂತ್ಕೊಂಡ್ ನೋಡ್ತೀನಿ."

ಅವನು ಚೀಲ ಇಟ್ಟು, ಹಸುವಿನ ಗಂಟನ್ನು ಒಂದು ಸಲ ಎಳೆದು ನೋಡಿ, ಹಾರೆ ಹೆಗಲಿಗೇರಿಸಿ ಬಂದ. ಪಾಪಕ್ಕ ಬದುವಿನ ಮೇಲೆ ಕಾಲು ಚಾಚಿ ಕೂತು ಹೊಸದಾಗಿ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಮೊದಲ ಗೂಟಕ್ಕೆ ಗುಂಡಿ ತೋಡಿದಾಗ ಅಲ್ಲಿ ಬೇಡ, ಇನ್ನೊಂದು ಮೊಳ ನಿನ್ ಕಡೆಗೆ, ಅಂದಳು. ಅದು ಅವನ ಜಾಗ. ಅವನು ಅಲ್ಲೇ ತೋಡಿದ.